ಸಾವಿನ ಮನೆಗೆ ಬಂದ ಅನ್ನ

"ಇನ್ನೂ ಎತ್ತರಕ್ಕೆ ಕಟ್ರೋ! ಲಾರಿ ಬಂದ್ರೆ ಹರ್ಕೊಂಡು ಹೋಗುತ್ತೆ," ಎಂದು ಜಿನದಾಸ ಕೆಳಗಿನಿಂದ ಕೂಗುತ್ತಿದ್ದ. ಮರಣ ಸಹಾಯ ಸಂಘದ ಬಿಳಿ ಬಾವುಟಗಳು ಪೊಡಿಮೆಣಿಕೆಯ ಮನೆಯಿಂದ ಕುರುಣೆಗಲದ ಬಸ್ ರಸ್ತೆಯವರೆಗೂ ಏರುತ್ತಿದ್ದವು. ಕುರ್ಚಿ ಸಂಘದ್ದು, ಶಾಮಿಯಾನ ಸಂಘದ್ದು, ಪೆಟ್ಟಿಗೆಗೆ ಹೆಗಲು ಕೊಡುವ ಆರು ಜನರೂ ಸಂಘದವರೇ. ಕಾರ್ಯದರ್ಶಿ ಜಿನದಾಸ ಬೆಳಗಿನಿಂದ ಕೂತೇ ಇಲ್ಲ.

ಸಂದಮಾಲಿ ತೀರಿಕೊಂಡ ತಾಯಿ ಪೊಡಿಮೆಣಿಕೆಯ ತಲೆಯ ಬಳಿ ಕೂತು ಕಿಟಕಿಯಿಂದ ಅವನನ್ನೇ ನೋಡುತ್ತಿದ್ದಳು. ಈ ಮನುಷ್ಯನಿಗೆ ನಮ್ಮಿಂದ ಏನಾಗಬೇಕಾಗಿದೆ?

"ನಿಮ್ಮಮ್ಮ ದೇವತೆ ಕಣೇ," ಎಂದು ಅವನ ಹೆಂಡತಿ ರಮ್ಯಲತಾ ಮೂಗೊರೆಸಿಕೊಂಡಳು. "ಈ ಊರಿಂದ ಮೊದಲು ಕುವೈತಿಗೆ ಹೋಗಿ ದಾರಿ ತೋರಿಸಿದೋಳು. ಈಗ ನಮ್ಮ ಇಬ್ರು ಹುಡುಗೀರೂ ಅಲ್ಲೇ ಇಲ್ವಾ?"

"ಅವತ್ತು ನೀವು ಬೇರೇನೋ ಅಂದಿದ್ರಿ, ಅತ್ತೆ."

"ಅಯ್ಯೋ, ಕಾಲ ಹಾಗಿತ್ತು ಬಿಡು."

*

ಕಾಲ ಹೇಗಿತ್ತೆಂದರೆ, ಮನೆಕೆಲಸಕ್ಕೆ ಅರಬರ ದೇಶಕ್ಕೆ ಹೋದವಳು ಕೆಟ್ಟವಳು, ಅಷ್ಟೇ. ಪೊಡಿಮೆಣಿಕೆ ವಿಮಾನ ಹತ್ತಿದ ವಾರವೇ ಜಿನದಾಸ ಅವಳ ಹೆಸರನ್ನು ಸಂಘದಿಂದ ಹೊಡೆದುಹಾಕಿದ. ಆ ವರ್ಷವೇ ಅಜ್ಜಿ ತೀರಿಕೊಂಡಳು. ಹೆಣವಿರುವ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನೆರೆಯವರೇ ಅನ್ನ ತರಬೇಕು. ಏಳು ವರ್ಷದ ಸಂದಮಾಲಿ ಹೊಸ್ತಿಲಲ್ಲಿ ಕೂತು ಮಧ್ಯಾಹ್ನ ಕಳೆಯುವವರೆಗೂ ಕಾದಳು. ಒಂದು ನರಪಿಳ್ಳೆಯೂ ಬರಲಿಲ್ಲ.

ಕೊನೆಗೆ ಬಂದವಳು ಬೇಲಿಯಾಚೆಯ ಸುಲೈಹಾ ಉಮ್ಮ. ಅನ್ನ ಕಲಸಿ, ತುತ್ತು ಮಾಡಿ ಹುಡುಗಿಯ ಬಾಯಿಗಿಟ್ಟಳು. ಅವಳ ಗಂಡ, ಮೈದುನರೇ ಅಜ್ಜಿಯನ್ನು ಹೊತ್ತರು. ಮುಸಲ್ಮಾನರು ಹೊತ್ತರಲ್ಲಾ ಎಂದು ಅವತ್ತು ಯಾರೂ ತಕರಾರು ತೆಗೆಯಲಿಲ್ಲ.

*

"ನಿಲ್ಲಿ, ನಿಲ್ಲಿ! ಎಲ್ಲಿಗೆ?"

ಜಿನದಾಸ ಅಡ್ಡ ಬಂದ. ಗೇಟಿನಲ್ಲಿ ಸುಲೈಹಾ ಉಮ್ಮ ನಿಂತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಸೊಂಟದ ಮೇಲೆ ಬಟ್ಟೆ ಕಟ್ಟಿದ ಪಾತ್ರೆ.

"ಮಗೂಗೆ ಅನ್ನ ತಂದಿದೀನಪ್ಪ. ಬೇಳೆ, ಕುಂಬಳಕಾಯಿ ಪಲ್ಯ."

"ಅನ್ನ ನಾವು ಮಾಡ್ಸಿದೀವಿ. ವಾಪಸ್ ತಗೊಂಡ್ಹೋಗಿ."

ಈಸ್ಟರ್ ದಿನ ಕೊಲಂಬೊ ಕಡೆಯ ಚರ್ಚುಗಳಲ್ಲಿ ಬಾಂಬು ಸಿಡಿದು ಮೂರು ವಾರವಾಗಿತ್ತು. ಸಿಡಿಸಿದವರು ಮುಸಲ್ಮಾನರೆಂದು ಊರವರು ಉಮ್ಮನ ಮೈದುನನ ಅಂಗಡಿಗೆ ಕಾಲಿಡುವುದನ್ನೇ ಬಿಟ್ಟಿದ್ದರು. ಮುಸಲ್ಮಾನರು ಅಡುಗೆಯಲ್ಲಿ ಬಸಿರು ನಿಲ್ಲದ ಮದ್ದು ಬೆರೆಸುತ್ತಾರೆಂಬ ಗುಸುಗುಸು ಅದಕ್ಕಿಂತ ಹಳೆಯದು. ಕಂಡವರು ಯಾರೂ ಇಲ್ಲ, ನಂಬದವರೂ ಇಲ್ಲ.

ಸಂದಮಾಲಿ ಹೊರಗೆ ಬಂದಳು. "ಒಳಗೆ ಬಿಡಿ ಮಾವ. ನನ್ನ ಸಾಕಿದೋರು ಅವರು."

"ಬಿಡ್ತೀನಮ್ಮ. ಆ ಪಾತ್ರೆ ಒಳಗೆ ಬಂದ್ರೆ ನಮ್ಮ ಹುಡುಗ್ರು ಪೆಟ್ಟಿಗೆ ಮುಟ್ಟಲ್ಲ. ಆಮೇಲೆ ನನ್ನ ಬೈಬೇಡ."

"ಮುಟ್ಬೇಡಿ. ಅವತ್ತೂ ಮುಟ್ಟಿರ್ಲಿಲ್ಲ."

ಹಾಗೆ ಹೇಳಿದ ಮೇಲೆ ಅವಳಿಗೆ ಎಷ್ಟೋ ವರ್ಷದ ಉರಿ ಇಳಿದಂತಾಯಿತು. ಪಾತ್ರೆ ಇಸಿದುಕೊಂಡು ಜಗಲಿಯ ಮೇಲೆ ಕೂತು ಬಟ್ಟೆ ಬಿಚ್ಚಿದಳು. ರಮ್ಯಲತಾ ಕಿವಿಯ ಹತ್ತಿರ ಬಗ್ಗಿದಳು. "ಮದುವೆಯಾಗಿ ಏಳು ವರ್ಷ ಕಾದು ಈಗ ಬಸಿರು, ನಾಲ್ಕು ತಿಂಗಳು ನಿಂಗೆ. ನೋಡ್ಕೊಂಡು ಮಾಡು ತಾಯಿ."

"ಉಪ್ಪು ಹೆಚ್ಚುಕಮ್ಮಿ ಆಗಿದ್ರೆ ಹೊಟ್ಟೆಗೆ ಹಾಕ್ಕೋ ಮಗಳೇ," ಎಂದಳು ಉಮ್ಮ. "ರಂಜಾನ್ ಉಪವಾಸ, ರುಚಿ ನೋಡೋ ಹಾಗಿಲ್ಲ."

ಸಂದಮಾಲಿ ಅನ್ನ ಕಲಸಿದಳು. ತುತ್ತು ಮಾಡಿದಳು. ಅಂಗಳಕ್ಕೆ ಅಂಗಳವೇ ನೋಡುತ್ತಿತ್ತು. ಮದ್ದಿನ ಆ ಮಾತನ್ನು ಅವಳು ಒಂದು ದಿನವೂ ನಂಬಿದವಳಲ್ಲ. ಬೇಕಾದರೆ ಬುದ್ಧನ ಮುಂದೆ ಆಣೆ ಇಡುತ್ತಿದ್ದಳು. ಆದರೂ ಕೈ ಬಾಯಿಯ ಹತ್ತಿರ ಬಂದು ನಿಂತುಬಿಟ್ಟಿತು.

ನಿಂತದ್ದು ಒಂದೇ ಗಳಿಗೆ. ಉಮ್ಮನ ಕಣ್ಣಿಗೆ ಅದು ಬಿತ್ತು.

ಮುದುಕಿ ಪಕ್ಕದಲ್ಲಿ ಕೂತಳು. ಆ ಕೈಯಿಂದ ತುತ್ತನ್ನು ತೆಗೆದು ತನ್ನ ಬಾಯಿಗಿಟ್ಟುಕೊಂಡಳು.

"ಉಮ್ಮ! ಉಪವಾಸ!" ಸಂದಮಾಲಿ ಚೀರಿದಳು.

ನೆತ್ತಿ ಸುಡುವ ಹೊತ್ತು. ನಸುಕಿನಿಂದ ನೀರು ಕಾಣದ ಗಂಟಲಲ್ಲಿ ಅನ್ನ ಇಳಿಯಲೊಲ್ಲದು. ಉಮ್ಮ ಕುತ್ತಿಗೆ ಹಿಡಿದುಕೊಂಡು ನುಂಗಿದಳು. ಆಮೇಲೆ ಜಿನದಾಸನತ್ತ ನೋಡಲೂ ಇಲ್ಲ. ಸಂದಮಾಲಿಯ ಕಡೆಗೆ ತಿರುಗಿ ಬಾಯಿ ಅಗಲಿಸಿ, ನಾಲಿಗೆ ಎತ್ತಿ, ಒಂದು ಅಗುಳೂ ಉಳಿದಿಲ್ಲವೆಂದು ತೋರಿಸಿದಳು.