ಹಿಂದಿನ ಸಭೆಯ ನಡಾವಳಿ

ಹುಡುಗಿ ಒಡೆದ ಲಕೋಟೆಯನ್ನು ತಂದು ಮೇಜಿನ ಮೇಲೆ, ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿಟ್ಟಳು. ಇಂದಿನದು ಅಧಿಕಾರಿಗಳ ಸಭೆ. ಅವಳಿಗೆ ಕರೆಯಿರಲಿಲ್ಲ.

"ಇದು ನಮ್ಮನೆಗೆ ಬಂತು."

ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. ಲಕೋಟೆಯ ಮೇಲೆ ಕೆಂಪಕ್ಷರದಲ್ಲಿ 'ಹಿಂಸೆಗೊಳಗಾದ ಯುವಜನರ ಜಂಟಿ ನೆರವು ಸಮಿತಿ' ಎಂದು ಅಚ್ಚಾಗಿತ್ತು. ಒಳಗಿದ್ದದ್ದು ಹಿಂದಿನ ಸಭೆಯ ನಡಾವಳಿ. ಅದರ ಮೂರನೆಯ ತೀರ್ಮಾನ ಅವಳದೇ ಸಲಹೆ. ಅಂದು ಎಲ್ಲರೂ ತಲೆದೂಗಿ ಬರೆಸಿಕೊಂಡಿದ್ದರು: ನೆರವು ಕೇಳಿ ಬಂದ ಯಾರ ಮನೆಗೂ ಯಾವ ಕಾಗದವನ್ನೂ ಕಳಿಸತಕ್ಕದ್ದಲ್ಲ.

"ಸಹಿಗೆ ಕಳ್ಸಿರ್ತಾರಮ್ಮ. ನೀನೂ ಸದಸ್ಯೆ ಅಲ್ವಾ? ಸದಸ್ಯರಿಗೆಲ್ಲ ಒಂದೊಂದು ಪ್ರತಿ ಹೋಗ್ಬೇಕು, ನಿಯಮ."

"ಹೊಲಿಗೆ ಕ್ಲಾಸಿಗೆ ಅಂತ ಹೇಳಿ ಇಲ್ಲಿಗೆ ಬರ್ತಿದ್ದೆ ಸಾರ್. ಅಪ್ಪ ನಡುಮನೇಲಿ ನಿಂತು ಜೋರಾಗಿ ಓದಿದ್ರು. ಒಂದಕ್ಷರ ಬಿಡ್ಲಿಲ್ಲ. ಅಮ್ಮ ಅಡ್ಡ ಬಂದ್ಲು." ಅವಳು ವೈದ್ಯೆಯ ಕಡೆ ತಿರುಗಿದಳು. "ನಿಮ್ಮ ಆಸ್ಪತ್ರೇಲೇ ಅವಳ ಕೈಗೆ ಕಟ್ಟು ಹಾಕಿದ್ದು ಮೇಡಂ. ಬಾಗಿಲಿಗೆ ಕೈ ಸಿಕ್ಕಿತು ಅಂತ ಬರ್ಕೊಂಡಿದಾರೆ. ಹೊರಗೆ ಬೆಂಚಿನ ಮೇಲೆ ಕೂತಿದಾಳೆ, ಬೇಕಾದ್ರೆ ನೋಡಿ."

ಯಾರೂ ನೋಡಲಿಲ್ಲ.

"ಆಸ್ಪತ್ರೆಯಿಂದ ಯಾವ ಕಾಗದವೂ ಹೋಗಿಲ್ಲ," ಎಂದರು ವೈದ್ಯೆ.

"ನಮ್ಮ ಠಾಣೆಯಿಂದಂತೂ ಅಲ್ಲ," ಎಂದರು ಪೊಲೀಸ್ ಅಧಿಕಾರಿ.

"ನಾವು ವಿಳಾಸ ಕೊಟ್ವಿ, ಅಷ್ಟೇ," ಎಂದರು ಹೆಡ್‌ಮಾಸ್ತರರು.

ಒಟ್ಟಾಗಿ ಕೆಲಸ ಮಾಡುವುದು ಹೇಗೆಂದು ಐದು ತಿಂಗಳು ಕಾರ್ಯಾಗಾರಗಳಲ್ಲಿ ಗೋಡೆಗೆ ಬಣ್ಣದ ಚೀಟಿ ಅಂಟಿಸಿ ಕಲಿತವರು, ಒಂದು ಲಕೋಟೆಯನ್ನು ಬಿಸಿ ಪಾತ್ರೆಯಂತೆ ಕೈಯಿಂದ ಕೈಗೆ ದಾಟಿಸಿದರು. ಅದು ಮತ್ತೆ ಬಿಸ್ಕತ್ತಿನ ಪಕ್ಕಕ್ಕೇ ಬಂತು. ಅಧ್ಯಕ್ಷರು ಮೂಲೆಯಲ್ಲಿದ್ದ ಟೈಪಿಸ್ಟಿಗೆ ಹೇಳಿದರು: "ಸಮಿತಿ ವಿಷಾದಿಸುತ್ತದೆ ಅಂತ ಹಾಕ್ಕೊಳ್ಳಿ."

"ವಿಷಾದ ಆಮೇಲೆ ಹಾಕ್ಕೊಳ್ಳಿ. ನನ್ನ ಥರದೋರು ಇನ್ನೂ ಆರು ಜನ ಇದಾರಲ್ಲ, ಅವರ ಕಾಗದ ಎಲ್ಲಿ?"

ಟೈಪಿಸ್ಟ್ ಪೆನ್ನು ಕೆಳಗಿಟ್ಟಳು. "ನಿಂದೊಂದು ಹಾಕಿದ್ಮೇಲೆ ಸ್ಟಾಂಪು ಮುಗೀತು. ಉಳಿದ ಆರನ್ನ ನಿನ್ನೆ ಸಂಜೆ ಹಾಕ್ದೆ. ಅಂಚೆ ಕಚೇರೀಲೇ ಇರ್ಬೇಕು." ಗಡಿಯಾರ ನೋಡಿದಳು. ಹತ್ತೂಮುಕ್ಕಾಲು. "ಹನ್ನೊಂದಕ್ಕೆ ಬಟವಾಡೆಗೆ ಹೊರಡ್ತಾರೆ."

"ಹಾಗಾದ್ರೆ ವಾಪಸ್ ಕೇಳಿ ಅರ್ಜಿ ಕೊಡಬೇಕು," ಎಂದರು ಅಧ್ಯಕ್ಷರು. "ಜಂಟಿ ಸಮಿತಿ ನೋಡಿ, ನಾಲ್ಕೂ ಜನ ಸಹಿ ಹಾಕ್ಬೇಕು. ಮೊದಲು ಒಕ್ಕಣೆ ತೀರ್ಮಾನ ಆಗ್ಲಿ."

"ಲೋಪ ಅನ್ನೋದು ಬೇಡ," ಎಂದರು ಹೆಡ್‌ಮಾಸ್ತರರು. "ಕಣ್ತಪ್ಪು ಅನ್ನೋಣ."

ಅಜ್ಜಿಯರ ಕಥೆಯಲ್ಲಿ ಪ್ರಾಣ ಏಳು ಕಡಲಾಚೆಯ ಗಿಳಿಯಲ್ಲಿರುತ್ತದೆ. ಆರು ಮಕ್ಕಳ ಪ್ರಾಣ ಇಲ್ಲಿ ಎರಡು ಬೀದಿಯಾಚೆ ಅಂಚೆಯ ಚೀಲದಲ್ಲಿತ್ತು. ಇವರು ಪದ ಹುಡುಕುತ್ತಿದ್ದರು.

"ಏಟು ಕೊಡೋರಿಗೆ ಯಾರ ಸಹಿಯೂ ಬೇಕಾಗಿಲ್ಲ ಸಾರ್!" ಹುಡುಗಿ ಕೂಗಿದಳು.

ಟೈಪಿಸ್ಟ್ ಡ್ರಾಯರಿನಿಂದ ಕಚೇರಿಯ ಮೊಹರು ತೆಗೆದು, ವಿಳಾಸಗಳಿದ್ದ ರವಾನೆ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಎಲ್ಲಿಗ್ರೀ? ಸಭೆ ನಡೀತಿದೆ!" ಎಂದರು ಅಧ್ಯಕ್ಷರು.

"ಡಬ್ಬಕ್ಕೆ ಹಾಕಿದ ಕೈ ನಂದು ಸಾರ್, ತರೋದೂ ಇದೇ ಕೈ. ಇವತ್ತಿನ ನಡಾವಳಿ ನೀವೇ ಬರ್ಕೊಳ್ಳಿ. ಬಾಮ್ಮ."

"ಅಮ್ಮಾ, ಇಲ್ಲೇ ಇರು," ಎಂದು ಬೆಂಚಿನ ಕಡೆಗೊಂದು ಮಾತೆಸೆದು ಹುಡುಗಿ ಅವಳ ಹಿಂದೆ ಓಡಿದಳು.

ಅಂಚೆ ಕಚೇರಿಯಲ್ಲಿ ಲಕೋಟೆಗಳನ್ನು ವಾಪಸ್ ಕೇಳಿದಾಗ, ವಿಂಗಡಿಸುತ್ತಿದ್ದವನು ನಕ್ಕ. "ಹಾಕೋದು, ಆಮೇಲೆ ಎದ್ನೋ ಬಿದ್ನೋ ಅಂತ ಬರೋದು. ಪ್ರೇಮಪತ್ರಾನಾ ಅಕ್ಕ?"

"ನಗಬೇಡಪ್ಪ. ಹುಡುಕು." ಟೈಪಿಸ್ಟ್ ನಿಂತಲ್ಲೇ ಎರಡು ಸಾಲಿನ ಅರ್ಜಿ ಗೀಚಿ ಮೊಹರು ಒತ್ತಿದಳು. ಅವಳ ಮುಖ ನೋಡಿ ಅವನೂ ಬೇಗ ಬೇಗ ಕಟ್ಟು ಬಿಚ್ಚಿದ. ಕೆಂಪಕ್ಷರದ ಲಕೋಟೆಗಳು ಒಂದೊಂದಾಗಿ ಬಂದವು. ಐದು.

"ಗಿರಣಿ ಬೀದಿದು ಇಲ್ಲ. ಆ ಪೋಸ್ಟ್‌ಮನ್ ಇವತ್ತು ಬೇಗ ಹೊರಟ."

ಗಿರಣಿ ಬೀದಿಯವಳೆಂದರೆ ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದವಳು. ಐದು ತಿಂಗಳಲ್ಲಿ ಅವಳು ಸಭೆಯಲ್ಲಿ ಬಾಯಿಬಿಟ್ಟದ್ದು ಒಮ್ಮೆ ಮಾತ್ರ, ಮೂರನೆಯ ತೀರ್ಮಾನಕ್ಕೆ 'ಹೌದು' ಎನ್ನಲು.

ಬೀದಿಯ ತಿರುವಿನಲ್ಲಿ ಪೋಸ್ಟ್‌ಮನ್ ಎದುರಾದ. "ಹಸಿರು ಬಾಗಿಲಿನ ಮನೇದಾ? ಕೂಗಿದೆ, ಯಾರೂ ಬರ್ಲಿಲ್ಲ. ಕಿಟಕಿಯಿಂದ ಒಳಗೆ ಹಾಕ್ದೆ."

ಹಸಿರು ಬಾಗಿಲು ಮುಚ್ಚಿತ್ತು. ಪಕ್ಕದ ತಗ್ಗು ಕಿಟಕಿಯ ಒಳಗೆ, ನೆಲದ ಮೇಲೆ, ಲಕೋಟೆ ಕೆಂಪಕ್ಷರ ಮೇಲಾಗಿ ಬಿದ್ದಿತ್ತು. ಬಚ್ಚಲಿನಿಂದ ನೀರು ಸುರಿದುಕೊಳ್ಳುವ ಸದ್ದು, ಅದರ ನಡುವೆ ಗಂಡಸಿನ ಕೆಮ್ಮು. ಹುಡುಗಿ ಸರಳುಗಳ ನಡುವೆ ಭುಜದವರೆಗೂ ತೋಳು ತೂರಿಸಿದಳು. ಒಂದು ಗೇಣು ಸಾಲದು. ಟೈಪಿಸ್ಟ್ ರವಾನೆ ಪುಸ್ತಕವನ್ನು ನೆಲಕ್ಕೆ ಹಾಕಿ, ಅವಳ ಸೊಂಟವನ್ನು ಬಲವಾಗಿ ಹಿಡಿದೆತ್ತಿ, ತೋಳು ಇನ್ನಷ್ಟು ಕೆಳಗಿಳಿಯುವಂತೆ ಓರೆಯಾಗಿಸಿದಳು.

ಬೆರಳ ತುದಿಗೆ ಕಾಗದ ತಾಕಿತು. ಒಳಗೆ ನೀರಿನ ಸದ್ದು ನಿಂತಿತು.