ಹನ್ನೆರಡು ಹೆಜ್ಜೆ ದೂರದ ತಂಗಿ

ಆರ್ಡಿಸ್ ಮತ್ತು ಅವಳ ತಂಗಿ ಡೋರೀನ್ ಮಾತು ಬಿಟ್ಟು ಎರಡು ಚಳಿಗಾಲವಾಗಿತ್ತು. ಮಾತು ಬಿಟ್ಟದ್ದು ಆಸ್ತಿಗಲ್ಲ, ಒಡವೆಗಲ್ಲ, ಒಂದು ವಾಲಿದ ಪೈನ್ ಮರಕ್ಕೆ.

ಅವರಪ್ಪ ಟೊರ್ವಾಲ್ಡ್ ಹೆಪ್ಪುಗಟ್ಟಿದ ಟ್ಯಾಮರಾಕ್ ಸರೋವರದ ಮೇಲೆ ಕೂತು ಐವತ್ತು ವರ್ಷ ವಾಲೈ ಮೀನು ಹಿಡಿದವನು. ಅವನ ಜಾಗಕ್ಕೆ ನಕಾಶೆ ಇರಲಿಲ್ಲ. ಪಡುವಣ ದಡದಲ್ಲಿ ಚರ್ಚಿನ ಗೋಪುರ ನೀರಿನ ಟ್ಯಾಂಕಿನ ಹಿಂದೆ ಮರೆಯಾಗಬೇಕು, ಮೂಡಣ ದಡದಲ್ಲಿ ಕೆಂಪು ದೋಣಿಮನೆ ಆ ವಾಲಿದ ಮರಕ್ಕೆ ತಾಗಿದಂತೆ ಕಾಣಬೇಕು. ಅಲ್ಲಿ ಮಂಜುಗಡ್ಡೆ ಕೊರೆದರೆ ಕೆಳಗೆ ಮೀನು ಇದ್ದೇ ಇರುತ್ತದೆ ಎನ್ನುತ್ತಿದ್ದ. ದೋಣಿಮನೆ ಮರದ ಎಡಕ್ಕೆ ತಾಗಬೇಕೋ ಬಲಕ್ಕೋ ಎಂಬುದೊಂದನ್ನು ಮಾತ್ರ ಹೇಳದೆ ಸತ್ತ. ಎಡಕ್ಕೆ ಎಂದಳು ಆರ್ಡಿಸ್. ಬಲಕ್ಕೆ ಎಂದಳು ಡೋರೀನ್. "ಅಪ್ಪಂಗೆ ಕೊನೆಗಾಲಕ್ಕೆ ಕಣ್ಣು ಕಾಣ್ತಿರ್ಲಿಲ್ಲ, ನಿಂಗೆ ಹುಟ್ಟಿದಾಗಿಂದ್ಲೂ ಕಾಣಲ್ಲ" ಎಂದು ಸೇರಿಸಿದಳು. ಅಂದಿನಿಂದ ಪ್ರತಿ ಚಳಿಗಾಲ ಮಂಜುಗಡ್ಡೆಯ ಮೇಲೆ, ಮೀನು ಹಿಡಿಯಲು ಕೂರುವ ಅಕ್ಕನ ಹಸಿರು ಗುಡಿಸಲು ಎಡದ ಜಾಗದಲ್ಲಿ, ತಂಗಿಯ ನೀಲಿ ಗುಡಿಸಲು ಬಲದ ಜಾಗದಲ್ಲಿ. ನಡುವೆ ಹನ್ನೆರಡು ಹೆಜ್ಜೆ ಹಿಮ.

ಅಂದು ಫೆಬ್ರವರಿಯ ಕೊನೆಯ ಭಾನುವಾರ. ವಾಲೈ ಹಿಡಿಯಲು ಅದೇ ಕಡೆಯ ದಿನ. ಬೆಳಗಾದರೆ ಗುಡಿಸಲುಗಳನ್ನು ಪಿಕಪ್ ಗಾಡಿಗೆ ಕಟ್ಟಿ ದಡಕ್ಕೆ ಎಳೆಯಬೇಕು, ಡೋರೀನ್ ಎಂಬತ್ತು ಮೈಲಿ ಆಚೆಯ ತನ್ನ ಊರು ಸೇರುತ್ತಾಳೆ. ಮತ್ತೆ ಡಿಸೆಂಬರ್‌ವರೆಗೆ ಅವಳ ಮುಖ ಕಾಣುವುದಿಲ್ಲ. ಆರ್ಡಿಸಳಿಗೆ ಅರವತ್ತೆಂಟು ವರ್ಷ. ಅವಳಿಗೆ ತಂಗಿ ಬೇಕಾಗಿದ್ದಳು, ತುಂಬ ಬೇಕಾಗಿದ್ದಳು. ಆದರೆ ಮೊದಲು ಸೋಲುವವಳು ತಾನಾಗಲಾರೆ ಎಂಬ ಹಟವನ್ನು ಎರಡು ವರ್ಷ ಸಾಕಿ ಕೊಬ್ಬಿಸಿದ್ದಳು.

ಈ ಜಗಳದಲ್ಲಿ ಲಾಭ ಮಾಡಿಕೊಂಡವನು ಅವಳ ಗಂಡ ಹಾರ್ಲನ್ ಒಬ್ಬನೇ. ಅಕ್ಕತಂಗಿಯರ ನಡುವಿನ ಟಪಾಲು ಅವನದು. ಹಸಿರು ಗುಡಿಸಲಲ್ಲಿ ಬೆಣ್ಣೆ ಸಕ್ಕರೆ ಸವರಿದ ಲೆಫ್ಸ ಎಂಬ ಆಲೂಗಡ್ಡೆಯ ತೆಳು ರೊಟ್ಟಿ ತಿಂದು, ಸುದ್ದಿ ಹೊತ್ತು ನೀಲಿ ಗುಡಿಸಲಿಗೆ ಹೋಗಿ, ಅಲ್ಲಿಯೂ ಸುರುಳಿ ಸುತ್ತಿದ ಲೆಫ್ಸ ತಿನ್ನುತ್ತಿದ್ದ. ಎರಡು ಚಳಿಗಾಲದಲ್ಲಿ ಅವನ ಬೆಲ್ಟಿಗೆ ಎರಡು ತೂತು ಹೊಸದಾಗಿ ಬಿದ್ದಿದ್ದವು.

ಹೊತ್ತು ಇಳಿಯುತ್ತಿತ್ತು, ವಾಲೈ ಬಾಯಿ ಹಾಕುವ ಹೊತ್ತು. ಗಾಳದ ದಾರ ಸುತ್ತಿ ಗೋಡೆಗೆ ಹೊಡೆದ ರಾಟೆಯ ಗಂಟೆ, ಮೀನು ಕಚ್ಚಿತೆಂದು, ಟಣ್ ಎಂದಿತು. ಆರ್ಡಿಸ್ ಕಾಫಿ ಲೋಟ ಒಲೆಯ ಮೇಲಿಟ್ಟು, ಮಂಡಿಯೂರಿ, ನೆಲದ ತೂತಿನಲ್ಲಿ ಇಳಿಬಿಟ್ಟ ದಾರ ಹಿಡಿದಳು. ಎಳೆದಳು. ಅತ್ತಲಿಂದಲೂ ಎಳೆಯಿತು, ಅದೂ ಕೆಳಕ್ಕಲ್ಲ, ಅಡ್ಡಕ್ಕೆ.

"ಹಾರ್ಲನ್, ಇದು ಮೀನಲ್ಲ, ಕರು."

"ಕರು ಆದ್ರೆ ಇನ್ನೂ ಒಳ್ಳೇದು, ಮುಳ್ಳಿರಲ್ಲ" ಎಂದ ಅವನು.

ದಾರ ನೀಲಿ ಗುಡಿಸಲಿನ ಕಡೆಗೇ ಓಡುತ್ತಿತ್ತು. ಅವಳು ಮೂರು ಮಾರು ಎಳೆದುಕೊಂಡರೆ ಅದು ಎರಡು ಮಾರು ವಾಪಸು ಕಸಿಯುತ್ತಿತ್ತು. ಆಗ ಅತ್ತಲಿಂದ ಡೋರೀನಳ ದನಿ ಕೇಳಿಸಿತು, "ಭಾವಾ, ಇಲ್ಲಿ ಬಾ." ಹಾರ್ಲನ್ ಟೋಪಿ ಏರಿಸಿ ಹೋದ, ಬಾಯಿ ಆಡಿಸುತ್ತಲೇ ಬಂದ.

"ನಿನ್ ತಂಗಿ ಹೇಳಿ ಕಳ್ಸಿದಾಳೆ. ಅವಳ ಮೀನನ್ನ ನೀನು ಎಳೀತಿದೀಯಂತೆ."

"ನನ್ ಮೀನನ್ನ ಅವಳು ಎಳೀತಿದಾಳೆ ಅಂತ ಹೋಗಿ ಹೇಳು."

"ನೋಡು ಮಾರಾಯ್ತಿ, ಆ ಹೊಟ್ಟೆಬಾಕ ಇಲ್ಲಿ ನಿನ್ ಗಾಳ ನುಂಗಿ, ಸಾಲದು ಅಂತ ಅಲ್ಲಿ ಹೋಗಿ ಅವಳ ಗಾಳಾನೂ ಕಚ್ಚಿದೆ. ಒಂದು ಮೀನು, ಎರಡು ದಾರ. ಒಬ್ಬರು ಬಿಡ್ಲಿಲ್ಲ ಅಂದ್ರೆ ಅದರ ಬಾಯಿ ಹರಿದು ಇಬ್ಬರಿಗೂ ಇಲ್ಲ."

"ಅವಳೇ ಬಿಡ್ಲಿ."

"ಅವಳೂ ಅದನ್ನೇ ಹೇಳಿದ್ಲು. ಒಂದಕ್ಷರ ವ್ಯತ್ಯಾಸ ಇಲ್ಲ."

ಆರ್ಡಿಸ್ ದಾರ ಬಿಗಿ ಹಿಡಿದೇ ಇದ್ದಳು. ಬೆರಳಿನ ನಡುವೆ ದಾರ ಮಿಡಿಯಿತು. ಎರಡು ಗಿಡ್ಡ ಸೆಳೆತ, ಒಂದು ಉದ್ದ. ಹಾಗೆ ಎಳೆಯಲು ಕಲಿಸಿದವನು ಅಪ್ಪ. ಕಲಿತವರು ಲೋಕದಲ್ಲಿ ಇಬ್ಬರೇ. ಎರಡು ವರ್ಷದ ಮೇಲೆ ತಂಗಿಯ ಕೈ ಅವಳ ಕೈಗೆ ಸಿಕ್ಕಿತ್ತು, ನಡುವೆ ಒಂದು ಮೀನಿದ್ದರೂ. ಅವಳಿಗೆ ಈ ಹಟ ಯಾರಿಗೆ ಬೇಕಾಗಿತ್ತು ಎನಿಸಿತು. ರಾಟೆಯ ಕೀಲು ತೆಗೆದು ದಾರ ಬಿಟ್ಟುಬಿಟ್ಟಳು. ಅದು ಸರಸರ ಓಡಿ, ಸ್ವಲ್ಪ ಹೊತ್ತಿಗೆ ನಿಂತು, ಸಡಿಲವಾಯಿತು. ಎಳೆದುಕೊಂಡಾಗ ಬರೀ ದಾರ ಬಂತು. ತುದಿಯನ್ನು ಕತ್ತರಿಸಿದ್ದರು.

"ಹೋಯ್ತು" ಎಂದಳು.

ಹಿಮ ತುಳಿಯುವ ಸದ್ದು ಹತ್ತಿರವಾಯಿತು. ಬಾಗಿಲು ತೆರೆದು ಡೋರೀನ್ ಒಳಗೆ ಬಂದಳು. ಒಂದು ಕೈಯಲ್ಲಿ ನೀರು ತುಂಬಿದ ಬಕೆಟ್, ಅದರಲ್ಲಿ ಗಾಜುಗಣ್ಣಿನ ದೊಡ್ಡ ವಾಲೈ ಬಾಲ ಬಡಿಯುತ್ತಿತ್ತು. ಇನ್ನೊಂದು ಅಂಗೈಯಲ್ಲಿ ಹಳದಿ ಮಣಿ ಕಟ್ಟಿದ ಗಾಳ.

"ನಿನ್ ಗಾಳ" ಎಂದಳು.

"ಬಾಗಿಲು ಹಾಕು, ಚಳಿ ಬರುತ್ತೆ" ಎಂದಳು ಆರ್ಡಿಸ್.

ಇಬ್ಬರೂ ಬಕೆಟ್ ನೋಡುತ್ತ ನಿಂತರು. ಹಾರ್ಲನ್ ಆಗಲೇ ಬಾಣಲೆಗೆ ಕೈ ಹಾಕಿದ್ದ. ಆರ್ಡಿಸ್ ಅವನ ಕೈಗೆ ಒಂದು ಏಟು ಕೊಟ್ಟು, ತೂತಿನ ಮಂಜು ತೆಗೆಯುವ ಸೌಟನ್ನು ಮೀನಿನ ಪಕ್ಕ ಹಿಡಿದಳು. ಅದರ ಹಿಡಿಯಲ್ಲಿ ಒಂದು ಗೀರು ಇತ್ತು. ಗೀರಿಗಿಂತ ಉದ್ದದ ವಾಲೈಯನ್ನು ಕೂಡಲೇ ನೀರಿಗೆ ಬಿಡಬೇಕು, ಅದು ಸರೋವರದ ಕಾನೂನು. ಈ ಮೀನು ಗೀರು ದಾಟಿ ಎರಡು ಬೆರಳು ಹೆಚ್ಚಿತ್ತು.

"ಅಯ್ಯೋ, ಇದಕ್ಕಾ ಇಷ್ಟೆಲ್ಲ" ಎಂದು ಹಾರ್ಲನ್ ಬಾಣಲೆ ಕೆಳಗಿಟ್ಟ.

ಆರ್ಡಿಸ್ ಮೀನನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ತೂತಿನಲ್ಲಿ ಬಿಟ್ಟಳು. ಅದು ಒಮ್ಮೆ ಬಾಲ ಬೀಸಿ ಮರೆಯಾಯಿತು. ಕೈ ಒರೆಸಿಕೊಳ್ಳುವಾಗ ಅವಳಿಗೆ ಏನೋ ಹೊಳೆಯಿತು. ತಂಗಿಯ ಸೌಟಿನ ಹಿಡಿಗೂ ಅಪ್ಪ ಅದೇ ಗೀರು ಹಾಕಿಕೊಟ್ಟಿದ್ದ, ಅದೇ ಚಾಕುವಿನಲ್ಲಿ.

"ನಿನ್ ಸೌಟಲ್ಲೂ ಗೀರಿದ್ಯಲ್ಲೇ. ಅಲ್ಲೇ ಅಳೆದು ಅಲ್ಲೇ ಬಿಡ್ಬಹುದಿತ್ತು."

ಡೋರೀನ್ ಕೈಗವಸು ಕಳಚಿ, ಒಲೆಯ ಹತ್ತಿರ ಅಪ್ಪನ ಹಳೆಯ ಸ್ಟೂಲ್ ಎಳೆದುಕೊಂಡು ಕೂತಳು.

"ಅಳ್ದಿದ್ದೆ" ಎಂದಳು. "ಕಾಫಿ ಇದ್ಯಾ, ಅಕ್ಕಾ?"