ಗುಡ್ಡದ ಸಸಿಗಳ ಸುತ್ತ ಬಿಳಿ ಹೂವು

ಶ್ರಾವಣ ಹಿಡಿದ ಮೇಲೆ ರೇವವ್ವನ ಎಮ್ಮೆಯ ಹಾಲು ಕಹಿಯಾಯಿತು.

ಮೊದಲ ದಿನ ಅವಳು ಪಾತ್ರೆಯ ಮೇಲೆ ಅನುಮಾನಪಟ್ಟಳು. ಬೂದಿ ಹಾಕಿ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಟ್ಟಳು. ಮರುದಿನವೂ ಅದೇ ಕಹಿ. ಹೆಪ್ಪು ಹಾಕಿದರೆ ಮೊಸರು ಕಹಿ, ಕಡೆದರೆ ಮಜ್ಜಿಗೆ ಕಹಿ. ದೃಷ್ಟಿಯಾಗಿರಬೇಕೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರೇ ಹೊರತು ಹಾಲು ಸುಧಾರಿಸಲಿಲ್ಲ. ದಿನಾ ಹಾಲು ಒಯ್ಯುತ್ತಿದ್ದ ಸಾಲಿ ಮಾಸ್ತರರ ಹೆಂಡತಿ ಸರಸ್ವತೀಬಾಯಿ ಚರಿಗೆಯನ್ನು ಹಾಗೇ ತಿರುಗಿ ತಂದಿಟ್ಟು, “ರೇವವ್ವಾ, ಸಿಟ್ಟಾಗಬ್ಯಾಡ. ಈ ಹಾಲಿನ ಚಹಾ ಕುಡದ್ರ ಕಷಾಯ ಕುಡದಂಗ ಆಗ್ತದ” ಎಂದರು.

ಗಂಡ ಮಡಿವಾಳೆಪ್ಪನಿಗೆ ಅಷ್ಟೇ ಸಾಕಾಯಿತು. “ಬರೂ ಸಂತಿಗೆ ಎಮ್ಮಿ ಹೊಡಕೊಂಡು ಹೋಗ್ತೇನಿ. ಮುದುಕಿ ಆಗೇತಿ ಅದು.”

“ಎರಡನೇ ಸೂಲಿನ ಎಮ್ಮಿ ಮುದುಕಿ ಹೆಂಗ ಆಗ್ತೈತ್ರಿ? ನಾಕು ಮಕ್ಕಳ ತಂದಿ ನೀವು, ನಿಮಗೇನಂತಾರ ಹಂಗಾರ?”

ಮಡಿವಾಳೆಪ್ಪ ನಕ್ಕ. ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಆ ಎಮ್ಮೆ ರೇವವ್ವನ ತವರಿನಿಂದ ಸಣ್ಣ ಕರುವಾಗಿ ಬಂದದ್ದು. ಆ ಮನೆಯಲ್ಲಿ ಅವಳದೇ ಅಂತ ಇದ್ದದ್ದು ಅದೊಂದೇ.

ಅವಳ ಸಿಟ್ಟೆಲ್ಲ ಗುಡ್ಡದ ಕಡೆಗೆ ತಿರುಗಿತು. ಊರ ಹಿರಿಯ ಶಂಭುಲಿಂಗಪ್ಪ ಊರ ಹಿಂದಿನ ತನ್ನ ಗುಡ್ಡದ ಜಮೀನನ್ನು ಐದು ಮಂದಿಯ ಟ್ರಸ್ಟಿಗೆ ಬರೆದುಕೊಟ್ಟಿದ್ದ. ಅದನ್ನು ಯಾರೂ ಮಾರಬಾರದು, ಯಾರೂ ನೇಗಿಲು ಹೂಡಬಾರದು. ಹುಲ್ಲು, ಗಿಡ, ಹಕ್ಕಿಗಳಿಗೆಂದೇ ಅದು ಇರಬೇಕು ಎಂದು ಕಟ್ಟಳೆ. ಈ ವರ್ಷ ಕಾರಹುಣ್ಣಿಮೆಯಿಂದ ದೀಪಾವಳಿಯವರೆಗೆ ಅಲ್ಲಿ ದನ ಬಿಡಬಾರದೆಂದು ಟ್ರಸ್ಟಿನವರು ಡಂಗುರ ಸಾರಿಸಿದ್ದರು. ಆಗಿನಿಂದ ರೇವವ್ವನ ಎಮ್ಮೆ ಕಲಘಟಗಿ ರಸ್ತೆಯ ಅಂಚಿನಲ್ಲಿ ಮೇಯುತ್ತಿತ್ತು.

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ಬಿಡುವು ಅಂದರೆ ಒಕ್ಕಲಿಗೂ ಬಿಡುವು. ಟ್ರಸ್ಟಿನ ಶ್ರಮದಾನಕ್ಕೆ ಅದೇ ವಾರ ನಿಗದಿಯಾಗಿತ್ತು. ಸೋಮವಾರ ಬೆಳಗಾದರೆ ಹತ್ತಾರು ಮಂದಿ ಗುಡ್ಡ ಹತ್ತುವುದನ್ನು ರೇವವ್ವ ನೋಡುತ್ತಿದ್ದಳು. ಇಳಿಯುವಾಗ ಅವರ ತಲೆಯ ಮೇಲೆ ಹುಲ್ಲಿನ ಹೊರೆಯೂ ಇಲ್ಲ, ಕಟ್ಟಿಗೆಯೂ ಇಲ್ಲ. ಕೂಲಿ ಇಲ್ಲ, ಪಾಲು ಇಲ್ಲ. ಮತ್ತೆ ಏನು ಮಾಡುತ್ತಾರೆ ಅಲ್ಲಿ? ತಿಳಿಯದೆ ಅವಳಿಗೆ ಕೂತಲ್ಲಿ ಕೂಡಲಾಗಲಿಲ್ಲ. ಆ ಸೋಮವಾರ ಸೆರಗು ಸಿಕ್ಕಿಸಿಕೊಂಡು ತಾನೂ ಹತ್ತಿದಳು.

ಪಕ್ಕದ ಮನೆಯ ಗೌರಕ್ಕ ಕೈಗೆ ಹಳೆಯ ಸೀರೆಯ ತುಂಡು ಸುತ್ತಿಕೊಂಡು ಬಗ್ಗಿದ್ದಳು. “ಬಾ ಬೇ ರೇವೀ, ಹಾದಿ ತಪ್ಪಿ ಬಂದೇನು?”

“ಗುಡ್ಡದಾಗ ಬಂಗಾರ ಸಿಗಾಕತ್ತೇತಂತ. ನನಗೂ ಒಂದು ಚೂರು ಕೊಡು.”

“ತಗೋ” ಎಂದು ಗೌರಕ್ಕ ಬೇರುಸಹಿತ ಕಿತ್ತ ಗಿಡವೊಂದನ್ನು ಮುಂದೆ ಹಿಡಿದಳು. ಮಾಚಿಪತ್ರಿಯಂಥ ಎಲೆ, ಜೋಳದ ಕಾಳಿನಷ್ಟು ಸಣ್ಣ ಬಿಳಿ ಹೂವು. “ಬರಿಗೈಲೆ ಮುಟ್ಟಬ್ಯಾಡ, ತುರಿಕಿ ಏಳ್ತೈತಿ.”

“ಇದು ರಸ್ತಾದ ಬಾಜೂಕ ಬೇಕಾದಷ್ಟೈತಿ. ಇದನ್ನ ಕೀಳಾಕ ಇಷ್ಟು ಮಂದಿ?”

ಸರಸ್ವತೀಬಾಯಿಯವರ ಗಂಡ ಪ್ರಭಂಜನ ಮಾಸ್ತರರು ಸೊಂಟ ನೆಟ್ಟಗೆ ಮಾಡಿಕೊಂಡು ನಿಂತರು. ಸಾಲಿಯ ಗಂಟೆ ಹೊಡೆಯುವವರೆಗೆ ಅವರೂ ಇಲ್ಲಿಯೇ. “ಇದಕ್ಕ ಕಾಂಗ್ರೆಸ್ ಕಸ ಅಂತಾರ್ರಿ. ಪರದೇಶದ್ದು. ನಮ್ಮ ಹಿರಿಯರು ಇದನ್ನ ನೋಡೇ ಇಲ್ಲ. ಒಂದು ಸಲ ಬೀಜ ಉದುರಿಸಿತು ಅಂದ್ರ ಆ ಜಾಗದಾಗ ಹುಲ್ಲಿಗೆ ತಲಿ ಎತ್ತಗೊಡೂದಿಲ್ಲ.”

“ದನಾ ತಿಂತಾವೇನ್ರಿ ಇದನ್ನ?”

“ಖುಷಿಲೆ ತಿನ್ನೂದಿಲ್ಲ. ಬ್ಯಾರೆ ಹಸರು ಸಿಗದಿದ್ರ ಬಾಯಿ ಹಾಕ್ತಾವ. ತಿಂದ್ರ ಹಾಲು ಕಹಿ...” ಎಂದವರೇ ಮಾಸ್ತರರು ರೇವವ್ವನ ಮುಖ ನೋಡಿದರು. ಮನೆಯ ಆ ಕಹಿ ಚಹಾ ಅವರಿಗೂ ನೆನಪಾಯಿತು.

“ಹಾಲು ಕಹಿ ಆಗ್ತೈತೇನ್ರಿ ಇದರಿಂದ?”

“ಉಳ್ಳಾಗಡ್ಡಿ ತಿಂದ್ರ ನಮ್ಮ ಬಾಯಿ ವಾಸನಿ ಬರೂದಿಲ್ಲೇನ್ರಿ? ಹಂಗ ಅದು.”

ರೇವವ್ವ ಸೊಂಟದ ಮೇಲೆ ಕೈಯಿಟ್ಟಳು. “ಹಂಗಂದ್ರ ಗುಡ್ಡಾ ಬಂದ್ ಮಾಡಿದವರು ನೀವು. ನನ್ನ ಎಮ್ಮಿ ರಸ್ತಾಕ್ಕ ಹೋತು, ಈ ಕಸಾ ತಿಂತು. ಬರೂ ಸಂತಿಗೆ ಅದು ಹೋದ್ರ ಆ ಪಾಪ ಯಾರಿಗ್ರಿ ಮಾಸ್ತರ್ರ?”

ಗೌರಕ್ಕ ಬಾಯಿ ತೆರೆದಳು. ಮಾಸ್ತರರು ಅವಳನ್ನು ತಡೆದರು. “ಅವರ ಮಾತು ಖರೇ ಅದ. ಬಂದ್ ಮಾಡೂ ಮುಂದ ಎಮ್ಮಿ ಕಟ್ಟಿದವರನ್ನ ಕೇಳಬೇಕಿತ್ತು, ನಾವು ಕೇಳಲಿಲ್ಲ. ಆದ್ರ ಇಲ್ಲೊಂದು ನೋಡ್ರಿ.” ಅವರು ಗಡಿಯ ಕಲ್ಲಿನ ಹತ್ತಿರ ಕರೆದೊಯ್ದರು. ಕಲ್ಲಿನ ಆಚೆ ದನ ಮೇದು ಬೋಳಾದ ನೆಲ, ಅದರ ಮೇಲೆಲ್ಲ ಬಿಳಿ ಹೂವು. ಈಚೆ ಮೊಣಕಾಲು ಮಟ್ಟದ ಹುಲ್ಲು, ಗಾಳಿಗೆ ಬಾಗಿ ಏಳುತ್ತಿತ್ತು. “ಹುಲ್ಲು ಒಂದು ಸಲ ಬೀಜ ಉದುರಿಸೂ ತನಕ ಅದರ ಪಾಡಿಗೆ ಬಿಟ್ಟೀವಿ, ಅಷ್ಟ. ದೀಪಾವಳಿ ಆದಮ್ಯಾಲೆ ಎಲ್ಲಾರೂ ಕೊಯ್ಕೊಂಡು ಹೋಗ್ರಿ. ದನಾ ಮಾತ್ರ ಒಳಗ ಬಿಡಬ್ಯಾಡ್ರಿ.”

ರೇವವ್ವ ಹುಲ್ಲಿನೊಳಗೆ ನಾಲ್ಕು ಹೆಜ್ಜೆ ಹಾಕಿ ನೋಡಿದಳು. ನೋಡುತ್ತ ನೋಡುತ್ತ ಅವಳ ಸಿಟ್ಟಿನ ಜಾಗದಲ್ಲಿ ಮತ್ತೊಂದು ಪ್ರಶ್ನೆ ಬಂದು ಕೂತಿತು. ಹುಲ್ಲಿನ ನಡುವೆ ಆ ಕಸವಿಲ್ಲ. ಆದರೆ ಹೊಸದಾಗಿ ಹಚ್ಚಿದ ಬೇವಿನ ಸಸಿ, ಹುಣಸೆಯ ಸಸಿ, ಒಂದೊಂದರ ಸುತ್ತಲೂ ಬಳೆ ತೊಡಿಸಿದಂತೆ ಬಿಳಿ ಹೂವು.

“ಮಾಸ್ತರ್ರ, ಇದು ಬರೇ ಸಸಿ ಸುತ್ತ ಯಾಕ ಎದ್ದೈತ್ರಿ?”

“ಅದ ನಮಗೂ ತಿಳಿವಲ್ದು. ಹೋದ ವರ್ಷ ಇಲ್ಲೆ ಒಂದು ಗಿಡಾನೂ ಇದ್ದಿಲ್ಲ.”

“ನೀರು ಹಾಕ್ತೀವಲ್ಲ, ಅದಕ್ಕಿರಬೇಕು” ಎಂದಳು ಗೌರಕ್ಕ.

“ನೀರು ಹಾಕಿದ್ರ ಬೀಜ ಹುಟ್ತೈತೇನ್ ಬೇ? ಬೀಜ ಎಲ್ಲಿಂದ ಬಂತು?” ರೇವವ್ವ ಕುಕ್ಕರಗಾಲಿನಲ್ಲಿ ಕೂತು ಸಸಿಯ ಬುಡ ಕೆದರಿದಳು. ಕರಿ ಗೊಬ್ಬರ ಬಂತು. ಅವಳ ಕೈ ಅಲ್ಲಿಯೇ ನಿಂತಿತು. ಮುಂಗಾರಿಗೆ ಮೊದಲು ಒಂದು ಗಾಡಿ ಗೊಬ್ಬರವನ್ನು ಪುಣ್ಯದ ಕೆಲಸವೆಂದು ಇಲ್ಲಿಗೆ ಹೊಡೆಸಿದವನು ಮಡಿವಾಳೆಪ್ಪನೇ. ಹೋದ ವರ್ಷ ಬದುವಿನ ಮೇಲೆ ಹೂ ಬಿಟ್ಟ ಈ ಗಿಡಗಳನ್ನು ಕಿತ್ತು ತಿಪ್ಪೆಗೆ ಹಾಕಿದವನೂ ಅವನೇ. ಒಕ್ಕಲಿಗನ ಮನೆಯಲ್ಲಿ ಕಸ ಯಾವುದಾದರೂ ಸೇರುವುದು ತಿಪ್ಪೆಗೆ. ಹಾಗೆ ಮಾಡದವನನ್ನು ಊರು ಸೋಮಾರಿ ಅನ್ನುತ್ತದೆ.

“ನಮ್ಮ ಗೊಬ್ಬರದಾಗ ಬಂದೈತ್ರಿ ಇದು” ಎಂದಳು ಮೆಲ್ಲಗೆ. “ಪುಣ್ಯದ ಜೋಡಿ ಬೀಜಾನೂ ಕೊಟ್ಟೀವಿ.”

ಎಲ್ಲರ ಕಣ್ಣೂ ಬಂಡೆಯ ಪಕ್ಕಕ್ಕೆ ಹೊರಳಿತು. ಮುಂದಿನ ವರ್ಷದ ಗೊಬ್ಬರಕ್ಕೆಂದು ಅಲ್ಲೊಂದು ಗುಂಡಿ ತೋಡಿದ್ದರು. ಬೆಳಗಿನಿಂದ ಕಿತ್ತ ಗಿಡವೆಲ್ಲ, ಹೂವಿನ ಸಮೇತ, ಅದರೊಳಗಿತ್ತು.

“ಅಯ್ಯ ಶಿವನ!” ಎಂದು ಗೌರಕ್ಕ ಹಣೆ ಬಡಿದುಕೊಂಡಳು. ಮಾಸ್ತರರು ಧೋತರ ಮೇಲೆ ಕಟ್ಟಿ ಮೊದಲು ತಾವೇ ಗುಂಡಿಗೆ ಇಳಿದರು. ಇದ್ದಷ್ಟನ್ನೂ ಹೊರಗೆ ತೆಗೆದು, ಬಂಡೆಯ ಮೇಲೆ ಹರವಿ, ಒಣಗಿದ ಮೇಲೆ ಅಲ್ಲಿಯೇ ಸುಡುವುದೆಂದು ಮಾತಾಯಿತು. ಕೆಳಗಿನ ಅಂಚಿನ ಹುಲ್ಲನ್ನು ಕರಾವಿನ ಎಮ್ಮೆ ಇದ್ದವರು ಈಗಲೇ ಕುಡಗೋಲಿನಿಂದ ಕೊಯ್ದುಕೊಳ್ಳಲಿ ಎಂದೂ ಅಲ್ಲಿಯೇ ತೀರ್ಮಾನವಾಯಿತು.

ಮನೆಯಲ್ಲಿ ಮಡಿವಾಳೆಪ್ಪ ಉರಿದುಬಿದ್ದ. “ನನ್ನ ತಿಪ್ಪಿಗೆ ಹೆಸರಿಡ್ತೀಯೇನು? ಕಸದಿಂದ ಹಾಲು ಕಹಿ ಆಗ್ತೈತಂತ, ಕೇಳ್ರಪ್ಪಾ!”

“ಸಂತಿ ತನಕ ಎಮ್ಮಿನ ಹೊರಗ ಬಿಡೂದಿಲ್ಲ. ನಾನ ಹುಲ್ಲು ತಂದು ಹಾಕ್ತೇನಿ. ಕಹಿ ಹೋಗಲಿಲ್ಲಂದ್ರ ನಾನ ಹಗ್ಗಾ ಬಿಚ್ಚಿ ನಿಮ್ಮ ಕೈಯಾಗ ಕೊಡ್ತೇನಿ.”

ಅವಳು ಭತ್ತದ ಹುಲ್ಲು ಹಾಕಿದಳು. ಗುಡ್ಡದ ಅಂಚಿನ ಹುಲ್ಲು ಕೊಯ್ದು ತಂದು, ಕಡ್ಡಿ ಕಡ್ಡಿ ನೋಡಿ ಹಾಕಿದಳು. ಎರಡು ದಿನ ಹಾಲು ಹಾಗೇ ಇತ್ತು. ಆದರೂ ಅವಳು ಕುಡಗೋಲು ಹಿಡಿದು ಹುಲ್ಲಿಗೆ ಹೋಗುವುದನ್ನು ಬಿಡಲಿಲ್ಲ.

ಸಂತೆಯ ಬೆಳಗು ಮಡಿವಾಳೆಪ್ಪ ರುಮಾಲು ಸುತ್ತಿ, ಬಾರಕೋಲು ಹಿಡಿದು ನಿಂತ. ರೇವವ್ವ ಆಗಷ್ಟೇ ಹಿಂಡಿದ ಹಾಲಿನ ವಾಟಗ ಅವನ ಕೈಗೆ ಕೊಟ್ಟಳು. ತಾನು ರುಚಿ ನೋಡಿರಲಿಲ್ಲ, ಧೈರ್ಯವಾಗಿರಲಿಲ್ಲ. ಅವನು ಒಂದು ಗುಟುಕು ಕುಡಿದ, ನಿಂತ, ಉಳಿದದ್ದನ್ನೂ ಕುಡಿದ.

“ಇನ್ನೊಂದೀಟು ಹಾಕು.”

“ಸಂತಿಗೆ ಹೊತ್ತಾತಲ್ರಿ?”

“ಹೋಗ್ತೇನಿ ತಗೋ. ಎಮ್ಮಿಗೆ ಒಂದು ಗಟ್ಟಿ ಹಗ್ಗಾ ತರೂದೈತಿ.”

ಮುಂದಿನ ಸೋಮವಾರ ಮಡಿವಾಳೆಪ್ಪ ಕೈಗೆ ಅರಿವೆ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಗುಡ್ಡದಲ್ಲಿದ್ದ. ಹೂ ಬಿಟ್ಟ ಕಸ ತಿಪ್ಪೆಗೆ ಹಾಕಬಾರದೆಂದು ಬಂದವರಿಗೆಲ್ಲ ಅವನೇ ಪಾಠ ಹೇಳುತ್ತಿದ್ದ. ರೇವವ್ವ ಕೇಳಿಯೂ ಕೇಳದವಳಂತೆ ಸಸಿಯ ಬುಡ ಹಸನು ಮಾಡುತ್ತಿದ್ದಳು.

ಓದುತ್ತಿರುವ ಅಣ್ಣ, ಕೇಳುತ್ತಿರುವ ತಂಗಿ, ನಿಮ್ಮೂರಿನ ಗುಡ್ಡ, ದನ ಮೇಯುವ ಗಾಯರಾಣ, ಕೆರೆಯ ದಂಡೆಯ ಕಡೆಗೆ ಒಂದು ಸಲ ನಡೆದು ನೋಡಿರಿ. ಅಲ್ಲಿ ಹುಲ್ಲು ಎದ್ದಿದೆಯೋ ಬಿಳಿ ಹೂವು ಎದ್ದಿದೆಯೋ? ಈ ಗಿಡವನ್ನು ನೆಲ ಹಸಿಯಿದ್ದಾಗ, ಹೂ ಬಿಡುವ ಮೊದಲೇ, ಕೈಗೆ ಬಟ್ಟೆ ಸುತ್ತಿಕೊಂಡು ಬೇರುಸಹಿತ ಕೀಳಿರಿ. ಹೂ ಬಿಟ್ಟಿದ್ದರೆ ತಿಪ್ಪೆಗೆ ಒಯ್ಯಬೇಡಿರಿ, ಅಲ್ಲಿಯೇ ಒಣಗಿಸಿ ಸುಡಿರಿ. ಒಬ್ಬರಿಂದ ಇದು ಮುಗಿಯುವ ಕೆಲಸವಲ್ಲ. ಬಾಜೂ ಮನೆಯವರನ್ನು ಕರೆಯಿರಿ, ದನ ಕಟ್ಟಿದವರನ್ನು ಮೊದಲು ಕೇಳಿರಿ. ಊರಿನ ನೆಲ ಊರಿನ ಕೈಯಿಂದಲೇ ಉಳಿಯಬೇಕು. ವಾರಕ್ಕೊಂದು ಬೆಳಗು ಅದಕ್ಕೆ ಕೊಡಿರಿ.